ಮಾರುವ ಹಿಂದಿನ ದಿನದ ಲಾಳ

ಕೆಂಚಿ ಮುಂದಿನ ಬಲಗಾಲನ್ನು ಒಂದು ಗೇಣು ಮುಂದಕ್ಕೆ ಚಾಚಿ ನಿಂತಿತ್ತು.

ಹುಲ್ಲಿನ ಹೊರೆ ಹೊತ್ತು ಲಾಯದ ಬಾಗಿಲಿಗೆ ಬಂದ ಹಾಲಿನಕ್ಕ ಹೊರೆ ಇಳಿಸುವುದನ್ನೂ ಮರೆತು ಹಾಗೇ ನಿಂತಳು. ಕುದುರೆ ಹಿಂಗಾಲನ್ನು ಸಡಿಲ ಬಿಟ್ಟು ನಿಂತರೆ ಅದು ವಿಶ್ರಾಂತಿ. ಮುಂಗಾಲನ್ನು ಚಾಚಿ ನಿಂತರೆ ನೋವು. ಒಂಬತ್ತು ವರ್ಷ ತನ್ನ ಇದೇ ಕುದುರೆಯ ಹಿಂದೆ ಗಾಡಿಯಲ್ಲಿ ಕೂತು ಡೇರಿಯ ಹಾಲಿನ ಕ್ಯಾನುಗಳನ್ನು ಮನೆ ಮನೆಗೆ, ಅಂಗಡಿ ಅಂಗಡಿಗೆ ಸಾಗಿಸಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೊರೆ ಇಳಿಸಿ, ಕೂತು, ಗೊರಸಿನ ಮೇಲೆ ಅಂಗೈ ಇಟ್ಟಳು. ಬಿಸಿ. ಎಡಗಾಲಿನ ಗೊರಸು ತಣ್ಣಗಿತ್ತು. ಮತ್ತೆ ಬಲಗಾಲು ಮುಟ್ಟಿದಳು. ಬಿಸಿಯೇ. ಗೊರಸಿನ ಮೇಲಿನ ಗೆಣ್ಣಿನ ಹಿಂದೆ ಬೆರಳಿಟ್ಟರೆ ನಾಡಿ ಟಕಟಕ ಹೊಡೆಯುತ್ತಿತ್ತು. ನಿನ್ನೆ ಮಧ್ಯಾಹ್ನ ಕಟ್ಟಿಸಿದ ಹೊಸ ಲಾಳ ಕಿಟಕಿಯ ಬೆಳಕಿಗೆ ಫಳಫಳ ಹೊಳೆಯುತ್ತಿತ್ತು.

ನಾಳೆಯಿಂದ ಡೇರಿಯ ಹಾಲು ಸಾಗಿಸಲು ಲಾರಿ ಬರುತ್ತದೆ. ಲಾರಿ ನಿಲ್ಲಿಸಲು ಜಾಗ ಬೇಕು, ಇವತ್ತು ಸಂಜೆಯೊಳಗೆ ಲಾಯ ಖಾಲಿಯಾಗಬೇಕು ಎಂದು ಮ್ಯಾನೇಜರ್ ತಿಂಗಳ ಹಿಂದೆಯೇ ಹೇಳಿದ್ದ. ಹಾಲಿನಕ್ಕನಿಗೆ ಅದೇ ಡೇರಿಯಲ್ಲಿ ಕ್ಯಾನು ತೊಳೆಯುವ ಕೆಲಸ ಕೊಟ್ಟಿದ್ದ, ಅವಳ ಅನ್ನಕ್ಕೇನೂ ಕುತ್ತು ಬಂದಿರಲಿಲ್ಲ. ಆದರೆ ಅವಳಿರುವುದು ಮಹಡಿಯ ಮೇಲಿನ ಒಂದು ಕೋಣೆಯಲ್ಲಿ. ಮೆಟ್ಟಿಲು ಹತ್ತಿಸಿ ಕುದುರೆಯನ್ನು ಎಲ್ಲಿ ಕಟ್ಟುವುದು? ತಿಂಗಳಿಡೀ ಕೇಳಿದ್ದಕ್ಕೆ ಒಂದೇ ಒಂದು ಒಳ್ಳೆಯ ಗಿರಾಕಿ ಸಿಕ್ಕಿತ್ತು. ಗುಡ್ಡದ ಇಳಿಜಾರಿನಲ್ಲಿ ಹೂಗಿಡ, ಹಣ್ಣಿನ ಸಸಿ ಬೆಳೆಸಿ ಮಾರುವ ಒಬ್ಬ ಹೆಂಗಸು. ಅಲ್ಲಿಗೆ ಗಾಡಿ ಹತ್ತುವುದಿಲ್ಲ, ಕುಂಡ ಹೊರಲು ಕುದುರೆಯೇ ಬೇಕು. ಇವತ್ತು ನಾಲ್ಕು ಗಂಟೆಗೆ ತನ್ನ ಮಾವನನ್ನು ಕರೆದುಕೊಂಡು ಬರುತ್ತೇನೆಂದಿದ್ದಳು. "ಮಾವನಿಗೆ ಕುದುರೆ ಗೊತ್ತು. ಅವರು ಒಂದು ಸಲ ಬೇಡ ಅಂದ್ರೆ ಎರಡನೇ ಸಲ ತಿರುಗಿ ನೋಡಲ್ಲ. ಈಗಲೇ ಹೇಳಿರ್ತೀನಿ" ಎಂದೂ ಅಂದಿದ್ದಳು.

ಆ ಮಾವನ ಕಣ್ಣಿಗೆ ಕೆಂಚಿ ಲಕ್ಷಣವಾಗಿ ಕಾಣಲಿ ಎಂದೇ ಅವಳು ಲಾಳ ಕಟ್ಟಿಸಿದ್ದು. ಬಾಲ ಬಾಚಿ, ಮೈ ಉಜ್ಜಿ, ಕೊನೆಗೆ ಕಾಲಿಗೂ ಹೊಸದು.

ಲಾಳ ಕಟ್ಟಿದವನು ಅವಳ ತಂಗಿಯ ಗಂಡ. ಸುತ್ತಮುತ್ತ ಅವನ ಕೈಗೆ ಒಳ್ಳೆಯ ಹೆಸರಿತ್ತು. ನಿನ್ನೆ ಅವನು ಕೆಂಚಿಯ ಕಾಲೆತ್ತಿ ನೋಡಿ ತಲೆಯಾಡಿಸಿದ್ದ. "ಗೊರಸು ಬೆಳೆದಿಲ್ಲ ಅಕ್ಕ. ಅಂಚು ತೆಳುವಾಗಿದೆ, ಮೊಳೆಗೆ ಜಾಗ ಇಲ್ಲ. ಹದಿನೈದು ದಿನ ಬಿಟ್ಟು ಬನ್ನಿ." ಹದಿನೈದು ದಿನ ಅವಳ ಬಳಿ ಎಲ್ಲಿತ್ತು? ಅಂಗಡಿಯ ಮುಂದೆ ನಾಲ್ಕು ಜನ ಕಾಯುತ್ತಿದ್ದರು. ಅವರ ಎದುರಿಗೇ ಅಂದುಬಿಟ್ಟಳು: "ಕೈ ನಡುಗುತ್ತೆ ಅಂತಿದ್ರೆ ಹೇಳಿಬಿಡಪ್ಪ. ಸೇತುವೆ ಆಚೆ ಇನ್ನೊಬ್ಬ ಇದ್ದಾನೆ." ನಾಲ್ವರೂ ನಕ್ಕರು. ಅವನು ನಗಲಿಲ್ಲ. ಬಗ್ಗಿ ಕಾಲನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಮೊಳೆ ಹೊಡೆದ.

ಡೇರಿಯ ಗೇಟಿನಲ್ಲಿ ಲಾರಿಯ ಸದ್ದಾಯಿತು. ಹಾಲಿನಕ್ಕ ಎದ್ದು ಕೆಂಚಿಯ ಕಾಲಿಗೆ ಅಡ್ಡವಾಗಿ ನಿಂತಳು.

ಬಂದವನು ಕುದುರೆ ದಲ್ಲಾಳಿ. ಏನು ಹೇಳಿದರೂ 'ಆಯ್ತು' ಎನ್ನುವುದರಿಂದ ಜನ ಅವನನ್ನು ಆಯ್ತಪ್ಪ ಎಂದೇ ಕರೆಯುತ್ತಿದ್ದರು. ಲಾಯ ಖಾಲಿಯಾಗುವ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತು, ಅವಳ ಪಕ್ಕದಿಂದ ಕತ್ತು ಬಾಗಿಸಿ ನೋಡಿದ.

"ಏನಕ್ಕ, ಕಾಲು ಮುಂದಿಟ್ಕೊಂಡು ಯಾರ ದಾರಿ ಕಾಯ್ತಿದ್ದಾಳೆ ನಿಮ್ಮ ಕೆಂಚಿ?"

"ಬೆಳಿಗ್ಗೆ ಬೆಳಿಗ್ಗೆ ತಮಾಷೆ ಬೇಡ."

"ಆಯ್ತು. ಲಾಳ ನಿನ್ನೇದಾ?"

ಅವಳು ಕೆಂಚಿಯ ಕಾಲಿಗೆ ಇನ್ನಷ್ಟು ಅಡ್ಡವಾದಳು.

"ಮಾರೋ ಹಿಂದಿನ ದಿನ ಲಾಳ ಕಟ್ಟಿಸಿದ್ರಾ? ಇಷ್ಟು ವರ್ಷ ಕುದುರೆ ಜೊತೆ ಬಾಳಿ ಇಷ್ಟೂ ಗೊತ್ತಾಗಲಿಲ್ವಾ? ಹಳೇ ಲಾಳ ಇದ್ರೆ ಕೊಳ್ಳೋರು ಕುದುರೆ ನೋಡ್ತಾರೆ. ಹೊಸ ಲಾಳ ಇದ್ರೆ ಏನು ಮುಚ್ಚಿಟ್ಟಿದ್ದಾರೆ ಅಂತ ನೋಡ್ತಾರೆ. ಅದೂ ಹೋಗ್ಲಿ, ಈಗ ಕುಂಟಿಸಿಕೊಂಡೂ ಕೂತಿದ್ದೀರಿ."

"ಕುಂಟುತ್ತೆ ಅಂತ ಯಾರಂದ್ರು?"

"ಹಾಗಾದ್ರೆ ನಾಲ್ಕು ಹೆಜ್ಜೆ ನಡೆಸಿ, ನೋಡೋಣ."

ಅವಳು ನಡೆಸಲಿಲ್ಲ. ಆಯ್ತಪ್ಪ ಜೇಬಿನಿಂದ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. ಅವನ ದನಿಯಲ್ಲಿ ಹಂಗಿಸುವಿಕೆ ಇರಲಿಲ್ಲ. "ನನಗೆ ನಡೆಸೋದೂ ಬೇಡ, ಓಡಿಸೋದೂ ಬೇಡ. ಕುಂಟಾದ್ರೂ ಕುರುಡಾದ್ರೂ ಹಗ್ಗ ನನ್ನ ಕೈಗೆ ಬಂದಮೇಲೆ ನನ್ನ ತಲೆನೋವು. ನಾಳೆ ಬಂದು ನಿಮ್ಮ ಬಾಗಿಲು ತಟ್ಟಲ್ಲ. ಸಾಕೋರಿಗೆ ಮಾರಿ ನೋಡಿ, ಮೂರು ದಿನಕ್ಕೆ ವಾಪಸ್ ತಂದು ಕಟ್ಟಿ ಹೋಗ್ತಾರೆ. ಕಟ್ಟೋಕೆ ನಿಮಗೆ ಗೂಟ ಎಲ್ಲಿದೆ?"

ಅವನು ಹೇಳಿದ ಬೆಲೆ ಅವಳು ಎಣಿಸಿದ್ದರ ಅರ್ಧವೂ ಇರಲಿಲ್ಲ. ಅವಳು ಬೆಲೆಯನ್ನು ಕಿವಿಗೇ ಹಾಕಿಕೊಂಡಂತೆ ಕಾಣಲಿಲ್ಲ.

"ಕ್ವಾರಿ ಹತ್ರ ಇನ್ನೆರಡು ಹತ್ತಿಸ್ಕೊಂಡು ಹನ್ನೆರಡಕ್ಕೆ ಈ ದಾರೀಲೇ ಬರ್ತೀನಿ. ಕೊಟ್ರೂ ಆಯ್ತು, ಕೊಡದಿದ್ರೂ ಆಯ್ತು" ಎಂದು ಹೇಳಿ ಆಯ್ತಪ್ಪ ಹೋದ.

ಅವಳು ಲಾಯಕ್ಕೆ ಅಗಳಿ ಹಾಕಿ, ಸೆರಗು ಬಿಗಿದು, ಎರಡು ಬೀದಿ ದಾಟಿ ಲಾಳದವನ ಅಂಗಡಿಗೆ ನಡೆದಳು. ಅಂಗಡಿ ಮುಂದೆ, ಹಿಂದೆ ಮನೆ. ಭಾನುವಾರವಾದ್ದರಿಂದ ಕುಲುಮೆಯಲ್ಲಿ ಬೆಂಕಿ ಇರಲಿಲ್ಲ. ಅವನು ಮೆಟ್ಟಿಲ ಮೇಲೆ ಕೂತು ಅರದ ಹಲ್ಲುಗಳಲ್ಲಿ ಸಿಕ್ಕ ಗೊರಸಿನ ಪುಡಿಯನ್ನು ತಂತಿಯ ಬ್ರಷ್ಷಿನಿಂದ ಕೆರೆಯುತ್ತಿದ್ದ. ತಂಗಿ ಒಳಗೆ ಬಟ್ಟೆ ಹಿಂಡುತ್ತಿದ್ದಳು.

"ಕೆಂಚಿ ಕಾಲು ಮುಂದಿಡ್ತಿದೆ" ಎಂದಳು ಹಾಲಿನಕ್ಕ.

ಬ್ರಷ್ಷು ನಿಂತಿತು. ಮತ್ತೆ ಓಡಿತು. "ಹೊಸ ಲಾಳ. ಒಂದು ದಿನ ಹಾಗೇ ಇರುತ್ತೆ."

"ಬಿಸಿ ಇದೆ."

"ಬಿಸಿಲು ಬಿದ್ದಿರುತ್ತೆ."

"ಲಾಯದೊಳಗೆ ಎಲ್ಲಿಂದ ಬರುತ್ತಪ್ಪ ಬಿಸಿಲು?"

ಅವನು ಅರವನ್ನು ಮೆಟ್ಟಿಲ ಮೇಲಿಟ್ಟ. "ಅಕ್ಕ, ಇಪ್ಪತ್ತು ವರ್ಷದಿಂದ ಹೊಡೀತಿದ್ದೀನಿ. ನನ್ನ ಮೊಳೆ ಒಳಗಿನ ಮಾಂಸಕ್ಕೆ ಹೋಗಲ್ಲ. ಹೋಗುತ್ತೆ ಅಂತ ಅನುಮಾನ ಇದ್ರೆ ಸೇತುವೆ ಆಚೆ ಇನ್ನೊಬ್ಬ ಇದ್ದಾನಲ್ಲ, ಅವನನ್ನೇ ಕರೀರಿ."

ಅವಳ ಮಾತು ಅವಳಿಗೇ ವಾಪಸು ಬಂದಿತ್ತು. ನುಂಗಿಕೊಂಡಳು. ತಂಗಿ ಒದ್ದೆ ಕೈಗಳನ್ನು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ನಿಮ್ಮಿಬ್ಬರ ಜಗಳ ಆಮೇಲೆ ಆಡಬಹುದು. ಕಾಲು ಕುದುರೇದು. ಎದ್ದು ಹೋಗಿ ನೋಡಿ ಬರಬಾರದಾ?" ಎಂದಳು ಗಂಡನಿಗೆ.

ಅವನು ಎದ್ದ. ಸುತ್ತಿಗೆ, ಇಕ್ಕಳ ಚೀಲಕ್ಕೆ ಹಾಕಿಕೊಂಡ. ದಾರಿಯುದ್ದಕ್ಕೂ ಹತ್ತು ಹೆಜ್ಜೆ ಮುಂದೆಯೇ ನಡೆದ. ಅಕ್ಕ ತಂಗಿ ಹಿಂದೆ ಬಂದರು.

ಲಾಯದಲ್ಲಿ ಅವನು ಕೆಂಚಿಯ ಕಾಲೆತ್ತಿ ಗೊರಸನ್ನು ತೊಡೆಯ ಮೇಲೆ ಇಟ್ಟುಕೊಂಡ. ಒಂದು ಕಡೆ ಮೂರು, ಇನ್ನೊಂದು ಕಡೆ ಮೂರು, ಒಟ್ಟು ಆರು ಮೊಳೆ. ಸುತ್ತಿಗೆಯನ್ನು ಗಿಡ್ಡ ಹಿಡಿದು ಮೊದಲನೆಯದರ ತಲೆಗೆ ಮೆಲ್ಲಗೆ ತಟ್ಟಿದ. ಕುದುರೆ ಮಿಸುಕಲಿಲ್ಲ. ಎರಡನೆಯದು. ಮಿಸುಕಲಿಲ್ಲ. ಮೂರನೆಯದು. ಹಾಲಿನಕ್ಕ ಕೆಂಚಿಯ ಮುಖ ಹಿಡಿದು ನಿಂತಿದ್ದಳು. ಅದರ ಮೂಗಿನ ಹೊಳ್ಳೆಗಳು ಅವಳ ಮುಂಗೈಗೆ ತಾಗುತ್ತಿದ್ದವು. ನಾಲ್ಕನೆಯದು. ಅವನು ತಲೆಯೆತ್ತಿ ಅವಳನ್ನೊಮ್ಮೆ ನೋಡಿದ, ನೋಡಿದಿರಾ ಎನ್ನುವ ಹಾಗೆ.

ಐದನೆಯದಕ್ಕೆ ತಟ್ಟಿದ್ದೇ ತಡ, ಕೆಂಚಿ ಕಾಲನ್ನು ಅವನ ತೊಡೆಯಿಂದ ಕಿತ್ತುಕೊಂಡಿತು.

ಅವನು ಮತ್ತೆ ಕಾಲೆತ್ತಿದ. ಇಕ್ಕಳ ಹಾಕಿ ಆ ಮೊಳೆಯನ್ನು ನೇರಕ್ಕೆ ಎಳೆದ. ಹೊರಬಂದ ಮೊಳೆಯನ್ನು ಬೆಳಕಿಗೆ ಹಿಡಿದ. ತುದಿಯಿಂದ ಅರ್ಧದವರೆಗೆ ಒದ್ದೆ, ಕಪ್ಪು ಕೆಂಪು. ಅದನ್ನು ಅಂಗಿಯ ತುದಿಯಲ್ಲಿ ಒರೆಸದೆ ಹಾಗೇ ಜೇಬಿಗೆ ಹಾಕಿಕೊಂಡ. ಉಳಿದ ಐದನ್ನೂ ಕಿತ್ತು ಲಾಳ ತೆಗೆದ.

"ಬಿಸಿನೀರು, ಉಪ್ಪು" ಎಂದ. ಅಷ್ಟೇ.

ತಂಗಿ ಡೇರಿಯ ಬಾಯ್ಲರಿನಿಂದ ಬಕೆಟ್ ತುಂಬಿ ತಂದಳು. ಕೆಂಚಿ ಮೊದಲು ಒಲ್ಲೆನೆಂದಿತು, ಆಮೇಲೆ ಕಾಲಿಟ್ಟು ಉದ್ದನೆಯ ಉಸಿರು ಬಿಟ್ಟಿತು.

"ಎಷ್ಟು ದಿನ?" ಹಾಲಿನಕ್ಕ ಕೇಳಿದಳು.

"ಬೇಗ ತೆಗೆದಿದ್ದೀವಿ. ಮೂರು ದಿನ ನಿಂತಲ್ಲೇ ನಿಂತ್ರೆ ಸರಿಹೋಗುತ್ತೆ."

ಮೂರು ದಿನ. ಹೊರಗೆ ಇಬ್ಬರು ಆಳುಗಳು ಮಾಡು ಬಿಚ್ಚಲು ಏಣಿ ತಂದು ಲಾಯದ ಆ ತುದಿಗೆ ಒರಗಿಸುತ್ತಿದ್ದರು. ಮಾಡಿನ ತಗಡಿನ ಮೇಲೆ ಅವರ ಹೆಜ್ಜೆಯ ಸದ್ದಾಯಿತು. ಕೆಂಚಿ ಕಿವಿ ನಿಮಿರಿಸಿತು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗಲೇ ಆಯ್ತಪ್ಪನ ಲಾರಿ ಬಂತು. ಹಲಗೆಗಳ ಸಂದಿಯಿಂದ ಎರಡು ಕುದುರೆಗಳ ಬೆನ್ನು ಕಾಣುತ್ತಿತ್ತು. ಅವನು ಎಂಜಿನ್ ಆರಿಸದೆ ಇಳಿದು ಬಂದ. ಬಕೆಟ್ ನೋಡಿದ, ಲಾಳವಿಲ್ಲದ ಕಾಲು ನೋಡಿದ, ಲಾಳದವನ ಮುಖ ನೋಡಿದ.

"ಆಯ್ತು. ಕೇಳೋದೇನೂ ಇಲ್ಲ. ಬೆಲೆ ಬೆಳಿಗ್ಗೆ ಹೇಳಿದ್ದೇ. ಹಗ್ಗ ಕೊಡಿ."

"ಕೊಟ್ಟುಬಿಡಿ ಅಕ್ಕ" ಎಂದ ಲಾಳದವನು. "ಸಂಜೆ ಬರೋ ಮುದುಕ ಈ ಕಾಲು ನೋಡಿ ತಗೊಳ್ತಾನಾ? ಇವನೂ ಹೋದ್ರೆ ಇವತ್ತು ಎಲ್ಲಿ ಕಟ್ತೀರಿ? ಕೈಗೆ ಬಂದದ್ದನ್ನ ಬಿಡಬೇಡಿ."

ಹಾಲಿನಕ್ಕನಿಗೂ ಅದೇ ಸರಿ ಅನ್ನಿಸತೊಡಗಿತ್ತು. ಗೂಟಕ್ಕೆ ಕಟ್ಟಿದ ಹಗ್ಗದ ಗಂಟಿನ ಮೇಲೆ ಅವಳ ಕೈ ಇತ್ತು. ಆಗ ತಂಗಿ ಗಂಡನ ಕಡೆ ತಿರುಗದೆ, ಬಕೆಟ್ಟಿಗೆ ಇನ್ನೊಂದು ಚೊಂಬು ನೀರು ಬಿಡುತ್ತ ಅಂದಳು: "ಕುದುರೆ ಲಾರಿ ಹತ್ತಿದ್ರೆ ನಿಮ್ಮ ಮೊಳೆ ಸುದ್ದಿನೂ ಲಾರಿ ಹತ್ತಿ ಊರು ಬಿಡುತ್ತೆ. ಅದಕ್ಕೇ ಅಲ್ವಾ ಅವಸರ?"

ಅವನ ಕಿವಿ ಕೆಂಪಾಯಿತು. ಆಯ್ತಪ್ಪ ಗಂಡಹೆಂಡಿರ ಮಾತು ಕೇಳಿಸದವನಂತೆ ಮಾಡಿನ ಕಡೆ ನೋಡಿದ.

ಹಾಲಿನಕ್ಕ ಗಂಟು ಬಿಚ್ಚದೆ ಕೇಳಿದಳು: "ಇವಳನ್ನ ಎಲ್ಲಿಗೆ ಕಳಿಸ್ತೀಯ?"

"ಅದನ್ನ ಕೇಳ್ಬೇಡಿ ಅಕ್ಕ. ನಾನು ಸುಳ್ಳು ಹೇಳೋನಲ್ಲ, ಕೇಳಿದ್ರೆ ಹೇಳ್ಬೇಕಾಗುತ್ತೆ."

"ಕೇಳ್ತಿದ್ದೀನಿ."

ಆಯ್ತಪ್ಪ ಕರವಸ್ತ್ರವನ್ನು ಮಡಿಸಿದ. "ಕುಂಟೋ ಕುದುರೆನ ಮೂರು ದಿನ ನಿಲ್ಲಿಸಿ ಮೇವು ಹಾಕಿದ್ರೆ ನನ್ನ ವ್ಯಾಪಾರ ನಡೆಯಲ್ಲ. ಸಂಜೆಯೊಳಗೆ ಯಾರು ತಗೊಳ್ತಾರೋ ಅವರಿಗೆ. ಕುಂಟೋದನ್ನ ಸಂಜೆಯೊಳಗೆ ತಗೊಳ್ಳೋರು ಗಾಡಿಗೆ ಕಟ್ಟೋಕಂತೂ ತಗೊಳ್ಳಲ್ಲ."

ಮೇಲೆ ಒಂದು ತಗಡು ಕಳಚಿತು. ಲಾಯದ ಆ ತುದಿಯಲ್ಲಿ ಒಂದು ಚೌಕ ಬಿಸಿಲು ನೆಲಕ್ಕೆ ಬಿತ್ತು.

ಅವಳು ಗಂಟಿನ ಮೇಲಿನ ಕೈ ತೆಗೆದಳು. "ಬೇಡ."

"ನಾನು ಇನ್ನು ಈ ಕಡೆ ಬರೋದು ಮುಂದಿನ ತಿಂಗಳು."

"ಗೊತ್ತು."

"ಆಯ್ತು" ಎಂದು ಅವನು ಲಾರಿ ಹತ್ತಿದ. ಲಾರಿ ಗೇಟು ದಾಟಿ, ತಿರುವಿನಲ್ಲಿ ಗೇರು ಬದಲಿಸಿ, ಸದ್ದು ಅಡಗುವವರೆಗೂ ಮೂವರೂ ನಿಂತೇ ಇದ್ದರು.

ಆಮೇಲಿನ ನಾಲ್ಕು ಗಂಟೆ ನೀರು ಬದಲಿಸುವುದರಲ್ಲಿ ಕಳೆಯಿತು. ಲಾಳದವನು ಮನೆಗೆ ಹೋಗಲಿಲ್ಲ. ಗೋಧಿ ಹೊಟ್ಟನ್ನು ಬಿಸಿನೀರಲ್ಲಿ ಕಲಸಿ ಗೊರಸಿಗೆ ಮೆತ್ತಿ ಗೋಣಿಚೀಲದ ತುಂಡಿನಿಂದ ಕಟ್ಟಿದ. ಒಂದು ಸಲ ಮಾತ್ರ ಬಾಯಿ ಬಿಟ್ಟ. "ಹಿತ್ತಿಲ ಕಡೆ ಮೆದು ಮಣ್ಣಿದೆ. ಕಟ್ಟು ಬಿಚ್ಚಿ ಅಲ್ಲೇ ನಡೆಸಿ ತೋರಿಸಿದ್ರೆ ಕುಂಟೋದು ಅಷ್ಟಾಗಿ ಕಾಣಲ್ಲ."

"ಮೂರು ದಿನಕ್ಕೆ ವಾಪಸ್ ತಂದು ಕಟ್ತಾರೆ" ಎಂದಳು ಹಾಲಿನಕ್ಕ.

ಮುಚ್ಚುವುದಿಲ್ಲ, ಸರಿ. ಆದರೆ ಹೇಳುವುದಾದರೂ ಹೇಗೆ? ನಿನ್ನೆ ನಾಲ್ಕು ಜನರೆದುರು ಅವನನ್ನು ಚುಚ್ಚಿ ಮೊಳೆ ಹೊಡೆಸಿದವಳು ತಾನು. ಇವತ್ತು ಪರರೆದುರು ಇವನೇ ತಪ್ಪು ಮಾಡಿದ ಎಂದು ಯಾವ ಬಾಯಲ್ಲಿ ಹೇಳುವುದು? ಕುದುರೆಯನ್ನು ಬಲ್ಲ ಆ ಮುದುಕ ನಾಲ್ಕು ಕಡೆ ಹೇಳಿದರೆ ತಂಗಿಯ ಒಲೆಗೇ ನೀರು ಬಿದ್ದಂತೆ. ಯೋಚಿಸಿ ಯೋಚಿಸಿ ಅವಳು ಒಂದು ದಾರಿ ಕಂಡುಕೊಂಡಳು. ಯಾರಿಗೂ ಹೇಳಲಿಲ್ಲ.

ನಾಲ್ಕಕ್ಕೆ ಸಸಿತೋಟದ ಹೆಂಗಸು ಬಂದಳು. ಉಗುರಿನ ಸಂದಿಯಲ್ಲಿ ಮಣ್ಣು, ಕಾಲಲ್ಲಿ ರಬ್ಬರ್ ಬೂಟು. ಹಿಂದೆ ಅವಳ ಮಾವ, ಬೆನ್ನು ಸ್ವಲ್ಪ ಬಾಗಿದ್ದರೂ ನಡಿಗೆ ಚುರುಕು. ಮುದುಕರು ಮೊದಲು ಕೆಂಚಿಯ ಹಲ್ಲು ನೋಡಿದರು, ಕತ್ತು ತಡವಿದರು, ಬೆನ್ನುಹುರಿಯ ಗುಂಟ ಬೆರಳು ಒತ್ತುತ್ತ ಹೋದರು. ಕೆಂಚಿ ಅವರ ಟೋಪಿಯನ್ನು ಮೂಸಿ ಕಚ್ಚಿ ಎಳೆಯಲು ನೋಡಿತು. ಕೊನೆಗೆ ಗೋಣಿಕಟ್ಟಿನ ಮುಂದೆ ನಿಂತರು.

"ಇದೇನು?"

"ಮೊಳೆ ಹೊಕ್ಕಿತ್ತು" ಎಂದಳು ಹಾಲಿನಕ್ಕ. "ರಸ್ತೇಲಿ. ಬೆಳಿಗ್ಗೆ ತೆಗೆಸಿದ್ವಿ. ಮೂರು ದಿನಕ್ಕೆ ಸರಿಹೋಗುತ್ತೆ."

ತಂಗಿ ತಟ್ಟನೆ ಅಕ್ಕನ ಕಡೆ ನೋಡಿದಳು. ಲಾಳದವನು ಚೀಲದ ಬಾಯಿ ಕಟ್ಟುತ್ತಿದ್ದವನು ಕಟ್ಟುತ್ತಲೇ ಇದ್ದ.

"ರಸ್ತೆ ಮೊಳೆನಾ? ತುಕ್ಕು ಹಿಡಿದದ್ದೋ?"

"ಹೂಂ. ಇರಬೇಕು."

ಮುದುಕರು ಕೆಂಚಿಯ ಭುಜದ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಸೊಸೆಯ ಕಡೆ ತಿರುಗಿದರು. "ನಡಿಯಮ್ಮ. ಬೇಡ."

"ಯಾಕೆ ಮಾವ? ಪ್ರಾಣಿ ಚೆನ್ನಾಗಿದೆಯಲ್ಲ."

"ಪ್ರಾಣಿ ಚೆನ್ನಾಗಿದೆ. ರಸ್ತೆ ಮೊಳೆ ಕೆಳಗಿಂದ ಹೊಗುತ್ತೆ, ಅಂಗಾಲಿನ ಮಧ್ಯಕ್ಕೆ. ಎಷ್ಟು ಆಳ ಹೋಗಿದೆ, ಒಳಗೆ ಏನು ಬಿಟ್ಟು ಬಂದಿದೆ ಅಂತ ದೇವರಿಗೂ ಗೊತ್ತಾಗಲ್ಲ. ಮೇಲೆ ಮಾಯುತ್ತೆ, ಒಳಗೆ ಕೀವು ಕಟ್ಟುತ್ತೆ. ಮೂಳೆಗೆ ತಗುಲಿದ್ರೆ ಮುಗೀತು. ಮೂರು ದಿನ ಅಂತ ಹೇಳೋರು ಹೇಳ್ತಾರೆ." ಹಾಲಿನಕ್ಕನಿಗೆ ಕೈ ಮುಗಿದರು. "ತಪ್ಪು ತಿಳ್ಕೋಬೇಡಿ ತಾಯಿ."

ಒಂದು ಮಾನ ಉಳಿಸಲು ಆಡಿದ ಮಾತು ಕುದುರೆಯ ಕಾಲನ್ನೇ ಕತ್ತರಿಸಿ ಹಾಕಿತ್ತು. ಈಗ ಅಲ್ಲ ಎಂದರೆ ಯಾರು ನಂಬುತ್ತಾರೆ? ಆ ಇಬ್ಬರೂ ಬಾಗಿಲು ದಾಟಿದರು. ಅಂಗಳದಲ್ಲಿ ಒಂದರ ಮೇಲೊಂದು ಪೇರಿಸಿದ ತಗಡುಗಳ ಪಕ್ಕದಲ್ಲಿ ಹಾದು ಗೇಟಿನ ಕಡೆ ನಡೆದರು. ಸೊಸೆ ಒಂದು ಸಲ ತಿರುಗಿ ನೋಡಿದಳು. ಮಾವ ನೋಡಲಿಲ್ಲ.

"ನಿಲ್ಲಿ ಸ್ವಲ್ಪ."

ಲಾಳದವನ ದನಿ. ಅವನು ಅಂಗಳಕ್ಕೆ ಬಂದು ಜೇಬಿಗೆ ಕೈ ಹಾಕಿ, ಮೊಳೆಯನ್ನು ಅಂಗೈ ಮೇಲಿಟ್ಟು ಚಾಚಿದ. "ರಸ್ತೆ ಮೊಳೆ ಅಲ್ಲ. ನನ್ನ ಮೊಳೆ. ನಿನ್ನೆ ನಾನೇ ಹೊಡೆದದ್ದು. ಅಂಚು ತೆಳುವಾಗಿತ್ತು, ಗೊತ್ತಿದ್ದೂ ಹೊಡೆದೆ."

ಮುದುಕರು ಮೊಳೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು. ತುದಿಯಲ್ಲಿ ಒಣಗಿದ ಕಲೆಯ ಉದ್ದವನ್ನು ಉಗುರಿನಿಂದ ಅಳೆದರು.

"ಎಷ್ಟನೇ ಮೊಳೆ?"

"ಒಳಗಡೆ ಸಾಲಿನ ನಡುವಿಂದು."

"ಯಾವಾಗ ತೆಗೆದೆ?"

"ಹತ್ತೂವರೆಗೆ."

"ಕೀವು?"

"ಇಲ್ಲ. ರಕ್ತ ಅಷ್ಟೇ."

ಮುದುಕರು ಲಾಯಕ್ಕೆ ವಾಪಸು ಬಂದು, ನೆಲಕ್ಕೆ ಮಂಡಿಯೂರಿ ಗೋಣಿಕಟ್ಟು ತಾವೇ ಬಿಚ್ಚಿದರು. ಅಂಗಾಲಿನ ತುಂಬ ಹೆಬ್ಬೆರಳಿನಿಂದ ಒತ್ತಿದರು. ಕೆಂಚಿ ಸುಮ್ಮನಿತ್ತು. ಅಂಚಿನ ಆ ತೂತಿನ ಬಳಿ ಒತ್ತಿದಾಗ ಮಾತ್ರ ಕಾಲು ಎಳೆಯಿತು. ಬಹಳ ಹೊತ್ತು ಒತ್ತಿ ನೋಡಿ, ಕಟ್ಟನ್ನು ಮತ್ತೆ ಕಟ್ಟಿ, ಸೊಸೆಯ ಭುಜ ಹಿಡಿದು ಎದ್ದರು.

"ಸುಳ್ಳು ಯಾಕೆ ಹೇಳಿದ್ರಿ ತಾಯಿ?"

"ನನ್ನ ತಂಗಿ ಗಂಡ" ಎಂದಳು ಹಾಲಿನಕ್ಕ.

ಮುದುಕರು ಅಂಗೈಯ ಧೂಳು ಕೊಡವಿಕೊಂಡರು. "ಗಾಯ ಅಂಚಲ್ಲೇ ಇದೆ, ಆಳಕ್ಕೆ ಹೋಗಿಲ್ಲ. ಇವತ್ತು ಕರ್ಕೊಂಡು ಹೋಗೋಕಾಗಲ್ಲ, ಗುಡ್ಡ ಹತ್ತಿದ್ರೆ ಕಾಲು ಕೆಡುತ್ತೆ. ಬುಧವಾರ ಬರ್ತೀನಿ. ನಡೆದ್ರೆ ಸರಿ, ಇಲ್ಲಾಂದ್ರೆ ಇಲ್ಲ. ಅಲ್ಲಿವರೆಗೆ ಇಲ್ಲೇ ನಿಲ್ಲಲಿ."

"ಇಲ್ಲಿ ಸಂಜೆಗೆ ಮಾಡೇ ಇರಲ್ಲ" ಎಂದಳು ಹಾಲಿನಕ್ಕ, ತಲೆಯ ಮೇಲಿನ ಆಕಾಶ ತೋರಿಸಿ.

ಏಣಿಯ ಮೇಲಿನವರು ಇನ್ನೊಂದು ತಗಡು ಕಳಚಿ ಕೆಳಗಿಳಿಸಿದರು.

"ನನ್ನ ಅಂಗಡಿ ಮುಂದೆ ಕಟ್ಟೋಣ" ಎಂದ ಲಾಳದವನು.

"ಹೋಗೋರು ಬರೋರು ಕೇಳ್ತಾರಲ್ರೀ" ಎಂದಳು ಅವನ ಹೆಂಡತಿ. ಈಗ ಅವಳ ದನಿಯಲ್ಲಿ ಮೊನಚಿರಲಿಲ್ಲ.

"ಕೇಳ್ತಾರೆ."

ಕೇಳಿದರು. ಸೋಮವಾರ ಬೆಳಿಗ್ಗೆ ಲಾಳ ಕಟ್ಟಿಸಲು ಬಂದ ಮೊದಲನೆಯವನೇ ಕೇಳಿದ. ಲಾಳದವನು ತಿದಿ ಒತ್ತುತ್ತಲೇ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವನು ಕಟ್ಟಿಸಿಕೊಂಡೇ ಹೋದ. ಎರಡನೆಯವನು ಕೇಳಿ, ಏನೋ ಕೆಲಸ ನೆನಪಾಯಿತೆಂದು ಕುದುರೆಯನ್ನು ತಿರುಗಿಸಿಕೊಂಡು ಸೇತುವೆಯ ಕಡೆ ಹೋದ. ಮಂಗಳವಾರ ಇನ್ನೊಬ್ಬ ಹಾಗೇ ಹೋದ. ಹಾಲಿನಕ್ಕ ಕ್ಯಾನು ತೊಳೆದು ಬಂದು ದಿನಕ್ಕೆರಡು ಸಲ ಕಾಲು ನೀರಲ್ಲಿಡಿಸಿದಳು. ಅವನಿಗೂ ಅವಳಿಗೂ ನೀರು, ಹೊಟ್ಟು, ಉಪ್ಪು ಇವಿಷ್ಟೇ ಮಾತು. ಮಂಗಳವಾರ ಸಂಜೆ ಗೊರಸು ತಣ್ಣಗಾಗಿದೆ ಅನ್ನಿಸಿತು. ಬುಧವಾರ ಬೆಳಿಗ್ಗೆ ಮುಟ್ಟಿದರೆ ಮತ್ತೆ ಬೆಚ್ಚಗಿದ್ದ ಹಾಗಿತ್ತು. ಅವಳು ತಂಗಿಯನ್ನು ಕರೆದು ಮುಟ್ಟಿಸಿದಳು. ತಂಗಿ ಮುಟ್ಟಿ, "ನಿನ್ನ ಕೈನೇ ಬಿಸಿ ಇದೆ ಅಕ್ಕ" ಎಂದಳು.

ಹತ್ತಕ್ಕೆ ಮಾವ ಸೊಸೆ ಬಂದರು. ಕೊಳ್ಳುವವರು ತರುವ ಹೊಸ ಹಗ್ಗ ತಂದಿರಲಿಲ್ಲ. ಹಾಲಿನಕ್ಕ ಮೊದಲು ನೋಡಿದ್ದೇ ಅದನ್ನು.

"ಕಲ್ಲು ಹಾಸಿನ ಮೇಲೆ ಓಡಿಸಿ" ಎಂದರು ಮುದುಕರು. "ಸದ್ದು ಕೇಳಿ ಪ್ರಯೋಜನ ಇಲ್ಲ, ಒಂದು ಕಾಲು ಬರಿದು, ಮೂರು ಕಬ್ಬಿಣ. ನಾನು ತಲೆ ನೋಡ್ತೀನಿ. ನೋವಿರೋ ಕಾಲು ನೆಲಕ್ಕೆ ಬಿದ್ದಾಗ ತಲೆ ಮೇಲಕ್ಕೆ ಹೋಗಲೇಬೇಕು."

ಹಾಲಿನಕ್ಕ ಹಗ್ಗ ಸಡಿಲ ಹಿಡಿದು ಕೆಂಚಿಯ ಪಕ್ಕದಲ್ಲಿ ಓಡಿದಳು. ಬೀದಿಯ ಕೊನೆಯ ಮನೆಯವರೆಗೆ, ಅಲ್ಲಿಂದ ತಿರುಗಿ ವಾಪಸು. ಅವಳಿಗೆ ಅದರ ತಲೆ ನೋಡುವ ಧೈರ್ಯವಾಗಲಿಲ್ಲ. ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ಓಡಿದಳು. ಅಂಗಡಿಯೊಳಗೆ ಲಾಳದವನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮುಂದೆ ಬೀದಿಗೆ ಬೆನ್ನು ಹಾಕಿ ನಿಂತಿದ್ದ.

"ಇನ್ನೊಂದು ಸಲ" ಎಂದರು ಮುದುಕರು.

ಮತ್ತೆ ಓಡಿದಳು. ಏದುಸಿರು ಬಿಡುತ್ತ ನಿಂತಾಗ ಮುದುಕರು ಬಂದು ಕೆಂಚಿಯ ಹಣೆ ತಟ್ಟಿದರು.

"ಸರಿ ಇದೆ. ತಲೆ ಅಲ್ಲಾಡಲಿಲ್ಲ." ಆಮೇಲೆ ಅಂಗಡಿಯ ಒಳಗೆ ಕತ್ತು ಚಾಚಿ ಕೂಗಿ ಹೇಳಿದರು: "ಉಳಿದ ಮೂರೂ ತೆಗೆದುಬಿಡಪ್ಪ. ನಮ್ಮದು ಮಣ್ಣಿನ ದಾರಿ, ಬರಿಗಾಲೇ ಸಾಕು. ನಿನ್ನ ಕೈ ಮೇಲೆ ಸಿಟ್ಟಿಲ್ಲ, ಹಾಗಂತ ಇನ್ನೊಂದು ಮೊಳೆನೂ ಬೇಡ."

ಲಾಳದವನು ಇಕ್ಕಳ ಹಿಡಿದು ಬಂದ. ಒಂದೊಂದೇ ಕಾಲೆತ್ತಿ, ಗೊರಸಿನ ಅಂಚು ಸಿಗಿಯದ ಹಾಗೆ ಮೊಳೆಗಳನ್ನು ಕಿತ್ತು, ಅರದಿಂದ ಅಂಚು ದುಂಡಗೆ ಮಾಡಿದ. ಅರ್ಧ ಗಂಟೆ ಹಿಡಿಯಿತು. ಮುಗಿದಾಗ ನಾಲ್ಕು ದಿನ ಹಳೆಯದಾದ ಮೂರು ಲಾಳಗಳು ನೆಲದ ಮೇಲೆ ಬಿದ್ದಿದ್ದವು. ಅವನು ಅವನ್ನೆತ್ತಿ ಒಳಗೆ ಹೋದ.

ಸಸಿತೋಟದ ಹೆಂಗಸು ಹಗ್ಗಕ್ಕೆ ಕೈ ಚಾಚಿದಳು. ಹಾಲಿನಕ್ಕ ಕೊಟ್ಟಳು. ಕೊಟ್ಟ ಮೇಲೂ ಪಕ್ಕದಲ್ಲೇ ನಡೆದು ಬಂದಳು.

"ನೀರಿನ ಬಕೆಟ್ ಎಡಗಡೆ ಇಡಿ. ಬಲಗಡೆ ಇಟ್ರೆ ಒದ್ದು ಉರುಳಿಸ್ತಾಳೆ."

"ಆಗಲಿ."

"ಹೊರೆ ಹೇರೋವಾಗ ಮೊದಲು ಹೆಸರು ಹಿಡಿದು ಕರೀರಿ. ಸುಮ್ಮನೆ ಹೇರಿದ್ರೆ ಹೆಜ್ಜೆ ಎತ್ತಲ್ಲ."

"ಇನ್ನೇನು?"

"ಇನ್ನೇನಿಲ್ಲ" ಎಂದು ನಿಂತಳು. ಅವರು ಹತ್ತು ಹೆಜ್ಜೆ ಮುಂದೆ ಹೋದರು. ಅವಳು ಸೆರಗು ಎತ್ತಿ ಕಟ್ಟಿ ಮತ್ತೆ ಬಿರಬಿರನೆ ನಡೆದು ಅವರ ಪಕ್ಕಕ್ಕೆ ಬಂದಳು. "ಟೋಪಿ ಕಂಡ್ರೆ ಕಚ್ಚಿ ಎಳೀತಾಳೆ. ಮಾವನಿಗೆ ಹೇಳಿ."

"ಅದನ್ನ ಭಾನುವಾರವೇ ನೋಡ್ದೆ" ಎಂದರು ಮುಂದೆ ಹೋಗುತ್ತಿದ್ದ ಮುದುಕರು, ತಿರುಗದೆ. "ಇನ್ನೂ ಏನಿದ್ರೂ ಗುಡ್ಡದ ಬುಡದವರೆಗೆ ಹೇಳ್ಕೊಂಡು ಬನ್ನಿ ತಾಯಿ. ಅವಸರ ಏನಿಲ್ಲ."